ಸೋಸಿದ ಮೌನ

ಬ್ರೂಲ್ ಕ್ರಾಸಿಂಗ್, ನೆಬ್ರಾಸ್ಕ
ಒಂದನೆಯ ತಿಂಗಳು, 9

ಸ್ನೇಹಿತೆ ಥರ್ಜಾ,

ನಿನ್ನ ಕಾಗದ ಬಂದು ಹೆಚ್ಚುಕಡಿಮೆ ಒಂದು ತಿಂಗಳಾಯಿತು. ತಡಮಾಡಿದ್ದಕ್ಕೆ ಹೇಳಿಕೊಳ್ಳುವಂಥ ಕಾರಣವಿಲ್ಲ. ನನಗಿಲ್ಲಿ ಬೇಕಾದಷ್ಟು ಹೊತ್ತಿದೆ; ಹೊತ್ತಿದ್ದವರು ಬೇಗ ಬರೆಯುತ್ತಾರೆ ಎಂದು ಹೊತ್ತಿಲ್ಲದವರು ತಿಳಿದುಕೊಂಡಿರುತ್ತಾರೆ, ಅಷ್ಟೇ.

ಧ್ವನಿಪೆಟ್ಟಿಗೆ ತೆಗೆದ ಮೇಲೆ ಆಸ್ಪತ್ರೆಯವರು ಕೊಟ್ಟಿದ್ದ ಯಂತ್ರವನ್ನು ಕಡೆಗೂ ಅದರ ಡಬ್ಬಿಯಿಂದ ಹೊರಗೆ ತೆಗೆದೆ. ಒಂದು ಸಣ್ಣ ಟಾರ್ಚಿನಷ್ಟಿದೆ. ಅದನ್ನು ದವಡೆಯ ಕೆಳಗೆ ಒತ್ತಿ ಗುಂಡಿ ಅದುಮಿದರೆ ಗುಂಯ್ ಎನ್ನುತ್ತದೆ. ಆಗ ಬಾಯಿ, ನಾಲಿಗೆಯನ್ನು ಮಾತಾಡುವ ಹಾಗೆ ಆಡಿಸಬೇಕು. ಆ ಗುಂಯ್ ಎನ್ನುವುದೇ ಮಾತಿನ ಆಕಾರ ಪಡೆಯುತ್ತದೆ. ಏರಿಲ್ಲ, ಇಳಿವಿಲ್ಲ. ಒಂದು ವಾರ ಕನ್ನಡಿಯ ಮುಂದೆ ಅಭ್ಯಾಸ ಮಾಡಿ, ವರ್ನಾಳ ಹೋಟೆಲಿಗೆ ಹೋಗಿ, ಎಲ್ಲರ ಎದುರಿಗೆ ಒಂದು ತುಂಡು ಸೇಬಿನ ಪೈ ಕೇಳಿದೆ. ವರ್ನಾ ಪೈ ಕತ್ತರಿಸುತ್ತಲೇ ಹೇಳಿದಳು:

"ಕ್ಷೌರದ ಮಿಷನ್ನು ಅಲ್ಲಲ್ಲ ಕಣಯ್ಯ ಹಿಡಿಯೋದು. ಗಡ್ಡ ಇನ್ನೂ ಮೇಲಿದೆ."

ದನದ ಸಂತೆಗೆ ಬಂದಿದ್ದವರೆಲ್ಲ ನಕ್ಕರು. ಮೂವತ್ತು ವರ್ಷ ಅವರ ದನಗಳನ್ನು ಹರಾಜು ಕೂಗಿದ ಗಂಟಲು ಇದು; ನಗುವ ಹಕ್ಕು ಅವರಿಗಿದೆ. ಹಿಂದಿನ ಮೇಜಿನಿಂದ ಯಾರೋ, "ಬಿಡ್ರಪ್ಪ, ಅವನಿಗೇನು ಕಷ್ಟ? ಅವನು ಕ್ವೇಕರ್ರು. ಅವರ ಪ್ರಾರ್ಥನೇಲಿ ಗಂಟೆಗಟ್ಲೆ ಯಾರೂ ಬಾಯೇ ಬಿಡಲ್ವಂತೆ" ಎಂದ. ನಾನೂ ನಕ್ಕೆ. ಈಗ ನನ್ನ ನಗೆಗೆ ಸದ್ದಿಲ್ಲ, ಭುಜ ಮಾತ್ರ ಅಲ್ಲಾಡುತ್ತದೆ. ಹಾಗಾಗಿ ನಾನು ನಕ್ಕದ್ದು ಯಾರಿಗೂ ತಿಳಿಯಲಿಲ್ಲವೋ ಏನೋ, ವರ್ನಾ ಪೈಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಅವನು ಹೇಳಿದ್ದು ಸರಿಯೇ. ವಾರವೆಲ್ಲ ಕೂಗಿ, ಇವರೆಲ್ಲ ಭಾನುವಾರ ಎನ್ನುವ ನಮ್ಮ ಮೊದಲ ದಿನ ಬಾಯಿ ಮುಚ್ಚುವುದು ನನಗೆ ಸುಖವಾಗಿತ್ತು. ಸಭೆಯಲ್ಲಿ ಬೇರೆಯವರು ಎದ್ದು ಮಾತನಾಡಿದ್ದನ್ನು ಹುಡುಗನಾಗಿದ್ದಾಗಿನಿಂದ ಕೇಳಿದ್ದೇನೆ, ನಾನು ಒಮ್ಮೆಯೂ ಎದ್ದಿಲ್ಲ. ಮಾತನಾಡು ಎಂದು ಒಳಗಿನಿಂದ ಯಾರೂ ನನ್ನನ್ನು ಎಬ್ಬಿಸಲಿಲ್ಲ. ಇಲ್ಲಿ ಒಂದು ದಿನದ ದಾರಿಯಲ್ಲಿ ನಮ್ಮ ಕ್ವೇಕರ್ ಸ್ನೇಹಿತರ ಸಭೆ ಒಂದೂ ಇಲ್ಲದ್ದರಿಂದ, ಸೋಂಕಿನ ವರ್ಷ ನೀವು ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ದೂರದವರನ್ನೂ ಸಭೆಗೆ ಕೂಡಿಸಿಕೊಂಡದ್ದು ನನ್ನ ಮಟ್ಟಿಗೆ ದೊಡ್ಡ ಉಪಕಾರ. ಈ ಕೋಣೆಯಲ್ಲಿ ಕೂತು ಕೋಲ್ಡ್ ಫೋರ್ಕಿನ ನಿಮ್ಮ ಸಭಾಮನೆಯ ಒಲೆ ಚಿಟಪಟ ಎನ್ನುವುದನ್ನು, ಬೆಂಚು ಕಿರುಗುಟ್ಟುವುದನ್ನು ಕೇಳುತ್ತೇನೆ. ಕೇಳುತ್ತಿದ್ದೆ. ಎರಡು ವಾರದಿಂದ ಒಲೆ ಕೇಳಿಸುತ್ತಿಲ್ಲ. ಗ್ಯಾಸ್ ಹಾಕಿಸಿದಿರಾ? ಅಥವಾ ಕಿವಿಯೂ ಹೊರಟಿತೋ?

ಇನ್ನೊಂದು ವಿಷಯ. ಡೆನ್ವರಿನ ಡಾಕ್ಟರುಗಳಿಗೆ ನನ್ನ ಶ್ವಾಸಕೋಶದಲ್ಲಿ ಒಂದು ಚುಕ್ಕೆ ಕಂಡಿದೆ. ಎದೆ ಬಿಚ್ಚಿ ತೆಗೆಯಬಹುದು ಎನ್ನುತ್ತಾರೆ. ತೆಗೆದರೆ ಗುಣವಾಗಬಹುದು, ಅಥವಾ ಉಳಿದದ್ದೂ ಕೆಡಬಹುದು. ಮೂರನೆಯ ತಿಂಗಳು ಹದಿನೈದರೊಳಗೆ ಹೇಳಬೇಕಂತೆ. ನಮ್ಮಪ್ಪ ಗಿರಣಿ ಮುಚ್ಚುವುದೋ ಬೇಡವೋ ಎಂದು ತೊಳಲುತ್ತಿದ್ದಾಗ ಸಭೆಯಿಂದ ಮೂವರು ಬಂದು ನಮ್ಮ ಅಡುಗೆಮನೆಯಲ್ಲಿ ಕೂತಿದ್ದರು. ಮುಚ್ಚು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಬರೀ ಪ್ರಶ್ನೆ ಕೇಳಿದರು, ನಡುನಡುವೆ ಸುಮ್ಮನಿದ್ದರು. ಅವರು ಹೋದ ಮೇಲೆ ಅಪ್ಪ ಅಷ್ಟು ದಿನದಲ್ಲಿ ಮೊದಲ ಸಲ ಹೊಟ್ಟೆತುಂಬ ಊಟ ಮಾಡಿದ. ಹಾಗೆ ನನ್ನ ಜೊತೆಗೂ ಮೂವರು ಕೂರಬೇಕು ಎಂದು ನನಗನ್ನಿಸುತ್ತಿದೆ. ಆದರೆ ಅದನ್ನು ಕಾಗದದಲ್ಲಿ ಕೇಳುವುದಿಲ್ಲ, ಸಭೆಯಲ್ಲೇ ಕೇಳಬೇಕು. ಇದನ್ನು ಈಗಲೇ ಯಾರಿಗೂ ಹೇಳಬೇಡ.

ನಿನ್ನ ಸ್ನೇಹಿತ,
ಎಲ್‌ವುಡ್ ಹ್ಯಾಡ್ಲಿ


ಕೋಲ್ಡ್ ಫೋರ್ಕ್, ಒಹಾಯೊ
ಒಂದನೆಯ ತಿಂಗಳು, 19

ಸ್ನೇಹಿತ ಎಲ್‌ವುಡ್,

ಒಲೆ ಅದೇ ಹಳೆಯ ಒಲೆ. ನಿನ್ನ ಕಿವಿಗೂ ಏನೂ ಆಗಿಲ್ಲ. ಸಭೆಯ ಲ್ಯಾಪ್‌ಟಾಪಿಗೆ ಒಂದು ಹೊಸ ತಂತ್ರಾಂಶ ಹಾಕಿದ್ದೇವೆ. ಅದು ಹಿನ್ನೆಲೆಯ ಸದ್ದನ್ನೆಲ್ಲ ತೆಗೆದುಹಾಕಿ ಮನುಷ್ಯರ ಮಾತನ್ನು ಮಾತ್ರ ಬಿಡುತ್ತದೆ. ನಮ್ಮಿಂದ ಹೋಗುವ ಸದ್ದನ್ನೂ ಸೋಸುತ್ತದೆ, ನಿಮ್ಮ ಕಡೆಯಿಂದ ಬರುವುದನ್ನೂ ಸೋಸುತ್ತದೆ. ದೂರದಿಂದ ಕೂಡುವವರ ಮನೆಗಳಿಂದ ಏನೇನೋ ಬರುತ್ತಿತ್ತು: ಪಾತ್ರೆ, ನಾಯಿ, ಒಬ್ಬಳ ಗಿಳಿ. ಕೆಲವರಿಗೆ ತೊಂದರೆಯಾಗುತ್ತಿತ್ತು. ಒಲೆಯೂ ಹೋಗುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಹೋಮರ್ ಎಂದಿನಂತೆ ಅನುಮಾನಪಟ್ಟ. ಸೌದೆ ತುಂಬುವ ಕೆಲಸ ಬಿಟ್ಟು ಬಂದು ಪರದೆಯ ಮುಂದೆ ನಿಂತು, ಯಾವುದು ಮಾತು ಯಾವುದು ಸದ್ದು ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ. ಲಕ್ಷಾಂತರ ಜನರ ದನಿ ಕೇಳಿಸಿ ಕಲಿಸಿರುತ್ತಾರೆ ಎಂದೆ. "ನನ್ನನ್ನಂತೂ ಯಾರೂ ಕೇಳ್ಲಿಲ್ಲ" ಎಂದು ಒಲೆಯ ಕಡೆಗೆ ಹೋದ. ಲವೀನಿಯಾಗೆ ಮಾತ್ರ ತುಂಬ ಸಂತೋಷ. ಪರದೆಯ ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂದು ಅದರ ಮೇಲೆ ಪಾತ್ರೆ ಒರೆಸುವ ಒಂದು ಬಿಳಿಯ ಬಟ್ಟೆಯನ್ನೂ ಹೊದಿಸಿದ್ದಾಳೆ. ನೀವು ಹೇಗೂ ಮುಖ ತೋರಿಸುವುದಿಲ್ಲವಲ್ಲ.

ಚುಕ್ಕೆಯ ವಿಷಯ ಓದಿದೆ. ಇದರ ಬಗ್ಗೆ ಏನು ಬರೆಯಬೇಕು ಎಂದು ಯೋಚಿಸಿ, ಕಾಗದವನ್ನು ಎರಡು ದಿನ ಹಾಗೇ ಇಟ್ಟಿದ್ದೆ. ನೀನು ಕೇಳುವವರೆಗೆ ಕಾಯುತ್ತೇನೆ. ನಾನು ಯಾರಿಗೂ ಹೇಳಿಲ್ಲ.

ಈಗ ಕೋಣೆಯಲ್ಲಿ ನಾವು ಏಳು ಜನ, ಬಟ್ಟೆಯ ಕೆಳಗೆ ಪರದೆಯಲ್ಲಿ ನಾಲ್ಕು ಹೆಸರು. ನೀನಿರುವುದು ನಮಗೆ ಮುಖ್ಯ.

ನಿನ್ನ ಸ್ನೇಹಿತೆ,
ಥರ್ಜಾ ಪಿಕರಿಂಗ್


ಬ್ರೂಲ್ ಕ್ರಾಸಿಂಗ್
ಎರಡನೆಯ ತಿಂಗಳು, 6

ಸ್ನೇಹಿತೆ ಥರ್ಜಾ,

ಇದು ಸಣ್ಣ ಕಾಗದ.

ಎದ್ದು ಮಾತನಾಡುವ ಮುಂಚೆ ಮಂಡಿ ನಡುಗುತ್ತದೆ ಎಂದು ಅಪ್ಪ ಹೇಳುತ್ತಿದ್ದ. ನಡುಗದಿದ್ದರೆ ಕೂತೇ ಇರು, ಅದು ನಿನ್ನ ಮಾತು, ದೇವರು ಕೊಟ್ಟ ಮಾತಲ್ಲ ಎನ್ನುತ್ತಿದ್ದ. ನಾನದನ್ನು ಹಳಬರ ಬಣ್ಣದ ಮಾತು ಎಂದುಕೊಂಡಿದ್ದೆ. ಕಳೆದ ಮೊದಲ ದಿನ, ಈ ಕೋಣೆಯಲ್ಲಿ ಒಬ್ಬನೇ ಇದ್ದರೂ ಕುರ್ಚಿಯಿಂದ ಎದ್ದು ನಿಂತಿದ್ದೆ. ಮುಗಿದ ಮೇಲೆ ಮೇಜು ಹಿಡಿದುಕೊಳ್ಳಬೇಕಾಯಿತು. ಎಪ್ಪತ್ತೊಂದು ವರ್ಷದ ಮಂಡಿ ನಡುಗುವುದಕ್ಕೆ ಬೇರೆ ಕಾರಣಗಳೂ ಇರಬಹುದು ಎಂದು ನೀನು ನಗಬಹುದು.

ಹೇಗಿತ್ತು ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ, ನಾನೂ ಕೇಳುವುದಿಲ್ಲ. ನೀವೆಲ್ಲ ಅಲ್ಲಿದ್ದಿರಿ, ಅಷ್ಟು ಸಾಕು. ಆಮೇಲಿನ ಮೌನ ಮಾತ್ರ ತುಂಬ ಉದ್ದವಾಗಿತ್ತು.

ಇಲ್ಲಿ ಹಿಮ ಕಿಟಕಿಯ ಕೆಳಗಿನ ಅಂಚಿಗೆ ಬಂದಿದೆ. ಹರಾಜು ಎರಡು ವಾರದಿಂದ ನಿಂತಿದೆ.

ಎಲ್‌ವುಡ್


ಕೋಲ್ಡ್ ಫೋರ್ಕ್
ಎರಡನೆಯ ತಿಂಗಳು, 14

ಸ್ನೇಹಿತ ಎಲ್‌ವುಡ್,

ನಿನ್ನ ಸಣ್ಣ ಕಾಗದವನ್ನು ಮತ್ತೆ ಮತ್ತೆ ಓದಿದೆ. ಮಾತಿಲ್ಲದೆಯೂ ಮಂಡಿ ನಡುಗಬಹುದು ಎಂದು ನನಗೂ ಗೊತ್ತಿದೆ. ನನ್ನ ಗಂಡ ತೀರಿಕೊಂಡ ವರ್ಷ ಒಂದು ಮೊದಲ ದಿನ, ಇಡೀ ಹೊತ್ತು ಕಂಬ ಹಿಡಿದು ಕೂತಿದ್ದೆ. ಬಾಯಿಂದ ಏನೂ ಹೊರಡಲಿಲ್ಲ. ಅದೂ ಒಂದು ಬಗೆಯ ಸಾಕ್ಷಿಯೇ ಎಂದು ಆಮೇಲೆ ಸಮಾಧಾನ ಮಾಡಿಕೊಂಡೆ.

ನಮಗೂ ಆ ದಿನ ಅಪರೂಪದ್ದಾಗಿತ್ತು. ಮೊದಲಿನಿಂದ ಕೊನೆಯವರೆಗೆ ಒಂದು ಮಾತಿಲ್ಲ, ಒಂದು ಸದ್ದಿಲ್ಲ. ಸಭೆ ಮುಗಿದು ಕೈಕುಲುಕಿದ ಮೇಲೂ ಯಾರೂ ಏಳಲಿಲ್ಲ. ಲವೀನಿಯಾ ಕೋಟು ಹಾಕಿಕೊಳ್ಳುತ್ತ, "ಸಭೆ ಅಂದ್ರೆ ಹೀಗಿರ್ಬೇಕು. ಎಷ್ಟೋ ಸಲ ಜನ ಸುಮ್ಮನಿರೋದು ಕಲಿಯದೇ ಎದ್ದುಬಿಡ್ತಾರೆ" ಎಂದಳು. ಅವಳು ಹಾಗೆ ಹೇಳುವುದು ಅಪರೂಪ. ಇಂಥ ಮೌನವೇ ನಮಗೆ ಬೇಕಾಗಿತ್ತು ಎಂದು ನನಗೂ ಅನ್ನಿಸಿತು.

ನಿನ್ನ ವಿಷಯಕ್ಕೆ ಬಂದರೆ, ಅವಸರ ಮಾಡಬೇಡ. ಕೇಳಬೇಕಾದದ್ದು ಸರಿಯಾಗಿ ಮಾಗಿದಾಗ ತಾನಾಗಿ ಬರುತ್ತದೆ. ಆ ದಿನ ನಾವಿರುತ್ತೇವೆ.

ಹೋಮರ್ ಜಾರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡಿದ್ದಾನೆ. ಸೌದೆ ಈಗ ನಾನು ಒಡೆಯುತ್ತೇನೆ. ಅವನು ನಿಂತು ತಪ್ಪು ಹುಡುಕುತ್ತಾನೆ.

ಥರ್ಜಾ


ಬ್ರೂಲ್ ಕ್ರಾಸಿಂಗ್
ಎರಡನೆಯ ತಿಂಗಳು, 27

ಥರ್ಜಾ,

ನೀನು ಬರೆದದ್ದು ಅರ್ಥವಾಯಿತು. ನೇರವಾಗಿ ಹೇಳದೆ ಹೇಳುವುದು ಸಭೆಯ ಉಸ್ತುವಾರಿ ಹೊತ್ತವರಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ನಮ್ಮಮ್ಮ ಆ ಜಾಗದಲ್ಲಿದ್ದಾಗ, ಒಬ್ಬ ವಾಚಾಳಿ ಸ್ನೇಹಿತನಿಗೆ ಸುಮ್ಮನಿರು ಎನ್ನಲಾರದೆ ಅವನ ಮನೆಗೆ ಒಂದು ಬುಟ್ಟಿ ಪೀಚ್ ಹಣ್ಣು ತೆಗೆದುಕೊಂಡು ಹೋಗಿ, ಕಳೆದ ವಾರದ ಮೌನ ಎಷ್ಟು ಚೆನ್ನಾಗಿತ್ತು ಎಂದಷ್ಟೇ ಹೇಳಿ ಬಂದಿದ್ದಳು. ಅವನು ಮತ್ತೆ ಎದ್ದು ಮಾತನಾಡಲಿಲ್ಲ. ನಿನ್ನ ಕಾಗದದಲ್ಲಿ ಹಣ್ಣಿನ ವಾಸನೆ ಬಂತು.

ನನಗೆ ಬೇಸರವಿಲ್ಲ. ಆದರೂ ನಿನ್ನ ಮಾತನ್ನು ತಪ್ಪಾಗಿ ಓದಿಕೊಂಡಿರಬಹುದು ಎಂದು ಮೊನ್ನೆ ಮೊದಲ ದಿನ ಇನ್ನೊಮ್ಮೆ, ತುಂಬ ಚಿಕ್ಕದಾಗಿ. ಅದಕ್ಕೂ ಉತ್ತರ ಅದೇ. ಈಗ ನನ್ನ ಮನಸ್ಸು ಸ್ಪಷ್ಟವಾಗಿದೆ.

ಡೆನ್ವರಿಗೆ ಬರೆದು ಹಾಕಿದ್ದೇನೆ.

ಹೋಮರನ ಮಣಿಕಟ್ಟಿಗೆ ಬಿಸಿ ಉಪ್ಪಿನ ಶಾಖ ಕೊಡಲು ಹೇಳು.

ಎಲ್‌ವುಡ್


ಕೋಲ್ಡ್ ಫೋರ್ಕ್
ಮೂರನೆಯ ತಿಂಗಳು, 12

ಸ್ನೇಹಿತ ಎಲ್‌ವುಡ್,

ಮನಸ್ಸು ಸ್ಪಷ್ಟವಾಗಿದೆ ಎಂದು ಓದಿ ನನ್ನ ಎದೆಯಿಂದ ಒಂದು ಭಾರ ಇಳಿಯಿತು. ನಮ್ಮನ್ನು ಕೇಳದೆಯೇ ಉತ್ತರ ಸಿಕ್ಕಿತಲ್ಲ, ಎಷ್ಟು ಜನಕ್ಕೆ ಹಾಗಾಗುತ್ತದೆ? ಡೆನ್ವರಿನವರು ಯಾವ ದಿನ ಕೊಟ್ಟರು? ಆ ದಿನ ಬೆಳಗ್ಗೆ ಸಭಾಮನೆಯ ಬಾಗಿಲು ತೆರೆದು ನಾನು ಕೂತಿರುತ್ತೇನೆ.

ಪೀಚ್ ಹಣ್ಣಿನ ಮಾತು ನನಗೆ ತಿಳಿಯಲಿಲ್ಲ. ನಿನ್ನ ಅಮ್ಮ ಒಳ್ಳೆಯ ಹಣ್ಣು ಬೆಳೆಯುತ್ತಿದ್ದಳು ಎಂದು ಮಾತ್ರ ನೆನಪಿದೆ.

ಎರಡು ಮೊದಲ ದಿನಗಳಿಂದ ಬಟ್ಟೆಯ ಕೆಳಗೆ ಮೂರೇ ಹೆಸರಿವೆ. ಆಪರೇಷನ್ನಿಗೆ ತಯಾರಿ ಇರಬೇಕು ಎಂದುಕೊಂಡೆ. ಸಭೆ ಮುಗಿದ ಮೇಲೆ ನಾನು ಬಟ್ಟೆ ಎತ್ತಿ ಹೆಸರುಗಳನ್ನು ನೋಡುತ್ತೇನೆ, ಅದು ನನ್ನ ಅಭ್ಯಾಸ. ನಿನ್ನ ಹೆಸರಿದ್ದಾಗ ಏನೂ ಅನ್ನಿಸುತ್ತಿರಲಿಲ್ಲ. ಈಗ ಬಟ್ಟೆಯನ್ನು ಮತ್ತೆ ಹೊದಿಸಲು ತಡವಾಗುತ್ತದೆ.

ಮನೆಗೆ ಹೋಗಿ ರೇಡಿಯೊ ಹಾಕುತ್ತೇನೆ. ಹವಾಮಾನ ಹೇಳುವಾಗ ನೆಬ್ರಾಸ್ಕದ ಹೆಸರು ಬಂದರೆ ಕೇಳಿಸಿಕೊಳ್ಳುತ್ತೇನೆ. ಇದನ್ನೆಲ್ಲ ಏಕೆ ಬರೆಯುತ್ತಿದ್ದೇನೋ.

ಥರ್ಜಾ


ಕೋಲ್ಡ್ ಫೋರ್ಕ್
ನಾಲ್ಕನೆಯ ತಿಂಗಳು, 9

ಸ್ನೇಹಿತ ಎಲ್‌ವುಡ್,

ಉತ್ತರವಿಲ್ಲ. ಆಸ್ಪತ್ರೆಯಲ್ಲಿದ್ದೀಯೋ, ಮನೆಯಲ್ಲಿದ್ದೀಯೋ ಗೊತ್ತಿಲ್ಲ. ವರ್ನಾಳ ಹೋಟೆಲಿನ ನಂಬರು ಹುಡುಕಿ ಫೋನ್ ಮಾಡಿದೆ. ಅವಳು ಹಿಂದೆ ಮುಂದೆ ನೋಡಲಿಲ್ಲ.

"ಯಾವ ಆಪರೇಷನ್ನಮ್ಮ? ಅವನೆಲ್ಲೂ ಹೋಗಿಲ್ಲ. ಇಲ್ಲೇ ಮೂಲೇಲಿ ಕೂತು ಮೊಟ್ಟೆ ತಿಂತಾ ಇದಾನೆ. ಮಿಷನ್ನನ್ನೂ ತರೋದು ಬಿಟ್ಟಿದಾನೆ, ಮೆನು ಮೇಲೆ ಬೆರಳಿಟ್ಟು ತೋರಿಸ್ತಾನೆ. ನೀವು ಅವನ ಕಡೆಯೋರಾ? ಕಡೆಯೋರಿದಾರೆ ಅಂತ ಒಂದಿನಾನೂ ಹೇಳಿರ್ಲಿಲ್ಲ."

ಫೋನನ್ನು ನಿನ್ನ ಕಿವಿಗೆ ಕೊಡಲೇ ಎಂದು ಕೇಳಿದಳು. ಬೇಡ ಎಂದುಬಿಟ್ಟೆ. ಇಟ್ಟ ಮೇಲೆ, ನಾನು ಮಾತನಾಡಬಹುದಿತ್ತಲ್ಲ, ನೀನು ಕೇಳಿಸಿಕೊಂಡರೆ ಸಾಕಾಗಿತ್ತಲ್ಲ ಎಂದು ಹೊಳೆಯಿತು.

ಡೆನ್ವರಿಗೆ ನೀನು ಬೇಡ ಎಂದು ಬರೆದೆಯಾ? ಅದು ನಿನ್ನ ತೀರ್ಮಾನ. ಆದರೆ ನಮ್ಮನ್ನು ಕೇಳುತ್ತೇನೆ ಎಂದು ಬರೆದಿದ್ದವನು ಕೇಳದೆ ಹೋದದ್ದೇಕೆ ಎಂದು ನನಗೆ ತಿಳಿಯುತ್ತಿಲ್ಲ. ನಾನು ಕಾಯುತ್ತಲೇ ಇದ್ದೆ.

ಥರ್ಜಾ


ಬ್ರೂಲ್ ಕ್ರಾಸಿಂಗ್
ನಾಲ್ಕನೆಯ ತಿಂಗಳು, 15

ಸ್ನೇಹಿತೆ ಥರ್ಜಾ,

ನೀನು ಹೀಗೆ ಬರೆಯುವವಳಲ್ಲ, ಆದ್ದರಿಂದ ನೇರವಾಗಿ ಬರೆಯುತ್ತೇನೆ.

ನಾನು ಕೇಳಿದೆ. ಎರಡನೆಯ ತಿಂಗಳು ನಾಲ್ಕರಂದು, ಸಭೆ ಅರ್ಧ ದಾಟಿದ ಮೇಲೆ, ಎದ್ದು ನಿಂತು ಯಂತ್ರವನ್ನು ಗಂಟಲಿಗಿಟ್ಟು ಮಾತನಾಡಿದೆ. ಚುಕ್ಕೆಯ ವಿಷಯ ಹೇಳಿದೆ. ಬದುಕಬೇಕೆಂಬ ಆಸೆ ನನ್ನಲ್ಲಿ ಎಷ್ಟಿದೆ ಎಂದು ಒಬ್ಬನೇ ಅಳೆಯಲು ಆಗುತ್ತಿಲ್ಲ ಎಂದೆ. ಮೂವರು ಸ್ನೇಹಿತರು ನನ್ನ ಜೊತೆ ಕೂತು ಪ್ರಶ್ನೆ ಕೇಳಿದರೆ ಉಪಕಾರವಾಗುತ್ತದೆ ಎಂದೆ. ಮಾತು ಅಷ್ಟೇ. ಪದ ಪದವನ್ನೂ ಕನ್ನಡಿಯ ಮುಂದೆ ಸ್ಪಷ್ಟ ಮಾಡಿಕೊಂಡಿದ್ದೆ, ನಿಮಗೆ ತಿಳಿಯದೆ ಹೋಗಬಾರದು ಎಂದು. ಯಾರೂ ಏನೂ ಹೇಳಲಿಲ್ಲ, ಹೇಳಬೇಕೆಂದೂ ಇಲ್ಲ. ಸಭೆಯಲ್ಲಿ ಬಂದ ಮಾತಿಗೆ ಯಾರು ಉತ್ತರ ಕೊಡುತ್ತಾರೆ? ಮುಗಿದ ಮೇಲೆ ಯಾರಾದರೂ ಬರೆಯುತ್ತಾರೆ ಎಂದು ಕಾದೆ. ನಿನ್ನ ಕಾಗದ ಬಂತು. ಸುಮ್ಮನಿರುವುದು ಕಲಿಯದೆ ಏಳುವವರ ಬಗ್ಗೆ ಲವೀನಿಯಾ ಹೇಳಿದ್ದನ್ನು ನೀನು ಬರೆದಿದ್ದೆ. ಕೇಳಬೇಕಾದದ್ದು ಮಾಗಬೇಕು ಎಂದು ಬರೆದಿದ್ದೆ. ಇಪ್ಪತ್ತೈದರಂದು ಎರಡೇ ವಾಕ್ಯದಲ್ಲಿ ಇನ್ನೊಮ್ಮೆ ಕೇಳಿದೆ.

ಸಭೆ ನನ್ನ ಮಾತನ್ನು ತೂಗಿ, ಇದು ದೇವರು ಕೊಟ್ಟ ಮಾತಲ್ಲ ಎಂದು ತೀರ್ಮಾನಿಸಿತು ಎಂದುಕೊಂಡೆ. ಬದುಕಿನ ಆಸೆ ತುಂಬ ಇರುವವನು ಹೀಗೆ ಇನ್ನೊಬ್ಬರನ್ನು ಕೇಳುವುದಿಲ್ಲ ಎಂಬುದೇ ನಿಮ್ಮ ಮೌನದ ಅರ್ಥವಿರಬೇಕು ಎಂದೂ ಅಂದುಕೊಂಡೆ. ಅದರಲ್ಲಿ ನ್ಯಾಯವಿತ್ತು. ಡೆನ್ವರಿಗೆ ಬೇಡ ಎಂದು ಬರೆದೆ.

ನಾನು ಯಾರನ್ನೂ ದೂರುವುದಿಲ್ಲ. ಆದರೆ ನಾನು ಕೇಳಲಿಲ್ಲ ಎಂದು ಮಾತ್ರ ಬರೆಯಬೇಡ.

ಎಲ್‌ವುಡ್


ಕೋಲ್ಡ್ ಫೋರ್ಕ್
ನಾಲ್ಕನೆಯ ತಿಂಗಳು, 22

ಎಲ್‌ವುಡ್,

ನೀನು ಮಾತನಾಡಿದ್ದು ನಮಗೆ ಕೇಳಿಸಲಿಲ್ಲ. ಒಂದು ಪದವೂ ಕೇಳಿಸಲಿಲ್ಲ. ಎರಡೂ ಸಲ.

ನಿನ್ನ ಕಾಗದ ಬಂದ ದಿನ ಹೋಮರನನ್ನು ಕರೆದುಕೊಂಡು ಸಭಾಮನೆಗೆ ಹೋದೆ. ಅವನು ಹೊರಗೆ ತನ್ನ ಟ್ರಕ್ಕಿನಲ್ಲಿ ಫೋನು ಹಿಡಿದು ಕೂತ. ನಾನು ಒಳಗೆ ಲ್ಯಾಪ್‌ಟಾಪಿನ ಮುಂದೆ ಕೂತೆ. ಮೊದಲು ಅವನು ಕ್ಷೌರದ ಯಂತ್ರವನ್ನು ಫೋನಿನ ಹತ್ತಿರ ಹಿಡಿದ. ಅದು ಗುಂಯ್ ಎನ್ನುತ್ತಿರುವುದು ನನಗೆ ಕಿಟಕಿಯಿಂದ ಕಾಣುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಏನೂ ಇಲ್ಲ. ಟ್ರಕ್ಕಿನ ಹಾರ್ನ್ ಒತ್ತಿದ. ಗೋಡೆಯಾಚೆಯಿಂದ ಕೇಳಿಸಿತು, ಲ್ಯಾಪ್‌ಟಾಪಿನಿಂದ ಇಲ್ಲ. ಆಮೇಲೆ ಮೆಲ್ಲಗೆ, "ಥರ್ಜಾ, ಏನಾದ್ರೂ ಬಂತಾ?" ಎಂದ. ಆ ಮಾತು ನನ್ನ ಕಿವಿಯ ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ ಬಂತು. ಯಂತ್ರದ ಗುಂಯ್ ಎನ್ನುವ ಸದ್ದೇ ನಿನ್ನ ದನಿ ಎಂದು ಆ ತಂತ್ರಾಂಶಕ್ಕೆ ಯಾರೂ ಕಲಿಸಿಲ್ಲ. ಹೋಮರ್ ಒಳಗೆ ಬಂದ. ನಾನು ಹೇಳುವುದೇ ಬೇಕಾಗಲಿಲ್ಲ.

ಇನ್ನೂ ಒಂದಿದೆ. ಪಾತ್ರೆ, ನಾಯಿ, ಗಿಳಿ ಎಂದು ನಿನಗೆ ಬರೆದೆ. ಅವು ಬರುತ್ತಿದ್ದದ್ದು ನಿಜ, ಆದರೆ ಅವುಗಳಿಗಾಗಿ ನಾನು ಇದನ್ನು ಹಾಕಲಿಲ್ಲ. ಆಪರೇಷನ್ನಾದ ಮೇಲೆ ನೀನು ಸಭೆಗೆ ಸೇರಿದಾಗಲೆಲ್ಲ ನಿನ್ನ ಉಸಿರು ಕೇಳಿಸುತ್ತಿತ್ತು, ಕುತ್ತಿಗೆಯ ತೂತಿನಿಂದ ಸಿಳ್ಳೆಯಂತೆ. ಇಡೀ ಕೋಣೆಗೆ. ಹನ್ನೆರಡನೆಯ ತಿಂಗಳಲ್ಲಿ ಲವೀನಿಯಾ ನನ್ನ ಮನೆಗೆ ಬಂದು, ಟೀ ಮುಟ್ಟದೆ ಕೂತು, "ಆ ಉಸಿರು ಕೇಳ್ಕೊಂಡು ನಂಗೆ ಕೂರಕ್ಕಾಗಲ್ಲ, ಥರ್ಜಾ. ಓರಿನ್ ಪಕ್ಕದಲ್ಲಿ ಕೂತು ಎರಡು ವರ್ಷ ಅದನ್ನೇ ಕೇಳಿದೀನಿ" ಎಂದಳು. ಅವಳ ಗಂಡ ಓರಿನ್‌ನ ಕೊನೆ ಹೇಗಿತ್ತು ಎಂದು ನಿನಗೂ ಗೊತ್ತು. ನಿನಗೆ ಹೇಳಿದರೆ ನೀನು ಮೈಕು ಮುಚ್ಚಿ ಕೂರುತ್ತಿದ್ದೆ, ಅಥವಾ ಬರುವುದನ್ನೇ ಬಿಡುತ್ತಿದ್ದೆ. ಇಬ್ಬರಿಗೂ ನೋವಾಗದ ಹಾಗೆ ಮಾಡಿದೆ ಎಂದುಕೊಂಡಿದ್ದೆ.

ಮೊನ್ನೆ ಮೊದಲ ದಿನ ಸಭೆಯಲ್ಲಿ ನಿನ್ನ ಕಾಗದದಿಂದ, ನೀನು ಆ ದಿನ ಕೇಳಿದ್ದ ಮಾತುಗಳನ್ನು ಓದಿದೆ. ನಿನ್ನನ್ನು ಕೇಳದೆ ಓದಿದ್ದು ತಪ್ಪಾದರೆ ನನಗೆ ಹೇಳು. ಆಮೇಲೆ ಎಲ್ಲರೂ ಸುಮ್ಮನೆ ಕೂತೆವು. ಈ ಸಲದ ಮೌನ ಚೆನ್ನಾಗಿರಲಿಲ್ಲ. ಲವೀನಿಯಾ ಎದ್ದು ಲ್ಯಾಪ್‌ಟಾಪಿನ ಮೇಲಿನ ಬಟ್ಟೆ ತೆಗೆದಳು, ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಮಾತನಾಡಿದ್ದು ಹೊರಗೆ, ಮೆಟ್ಟಿಲ ಮೇಲೆ.

"ಆ ಮೂವರಲ್ಲಿ ನಾನೊಬ್ಬಳು. ಬೇಡ ಅನ್ಬೇಡ. ಇನ್ನಿಬ್ಬರು ಯಾರು ಅಂತ ನೀನು ನೋಡ್ಕೋ."

ಇನ್ನಿಬ್ಬರು ಹೋಮರ್ ಮತ್ತು ನಾನು. ತಂತ್ರಾಂಶ ತೆಗೆಸಿದ್ದೇನೆ, ಆದರೆ ನಾವು ಅದರ ಮೂಲಕ ಬರುವುದಿಲ್ಲ. ರೈಲಿನಲ್ಲಿ ಬರುತ್ತೇವೆ, ಐದನೆಯ ತಿಂಗಳು ಹದಿನಾಲ್ಕರಂದು. ಡೆನ್ವರಿಗೆ ಈಗಲೇ ಇನ್ನೊಮ್ಮೆ ಬರೆ, ಎಲ್‌ವುಡ್. ದಿನ ಮೀರಿದೆ ಎಂದು ಸುಮ್ಮನಿರಬೇಡ. ಹೀಗೆ ಮಾಡು ಎಂದು ನಾನು ಹೇಳುವ ಹಾಗಿಲ್ಲ ಎಂದು ಗೊತ್ತು, ಆದರೂ ಹೇಳುತ್ತಿದ್ದೇನೆ.

ನಮಗೆ ಇರುವ ಹಕ್ಕು ಪ್ರಶ್ನೆ ಕೇಳುವುದಷ್ಟೇ. ಆ ದಿನ ನಿನ್ನ ಮಾತು ನನಗೆ ಕೇಳಿಸಿದ್ದರೆ, ನಾನು ಮೊದಲು ಕೇಳುತ್ತಿದ್ದದ್ದು ಇದು: ಆಪರೇಷನ್ ಮುಗಿದು ನೀನು ಡೆನ್ವರಿನ ಆಸ್ಪತ್ರೆಯಿಂದ ಹೊರಗೆ ಬರುವಾಗ ಬಾಗಿಲಲ್ಲಿ ಯಾರು ನಿಂತಿರಬೇಕು?

ಥರ್ಜಾ


ಬ್ರೂಲ್ ಕ್ರಾಸಿಂಗ್
ಐದನೆಯ ತಿಂಗಳು, 3

ಥರ್ಜಾ,

ಡೆನ್ವರಿಗೆ ಬರೆಯಲಿಲ್ಲ, ಹೋಗಿಯೇ ಬಂದೆ. ಹೊಸದಾಗಿ ಚಿತ್ರ ತೆಗೆದರು. ಡಾಕ್ಟರು ಚಿಕ್ಕ ವಯಸ್ಸಿನವಳು. ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು ಕೂತಾಗಲೇ ನನಗೆ ತಿಳಿಯಿತು. ಚುಕ್ಕೆ ಈಗ ಒಂದಲ್ಲ. ಎದೆ ಬಿಚ್ಚಿ ಪ್ರಯೋಜನವಿಲ್ಲ. ಔಷಧಿ ಕೊಡುತ್ತಾರೆ, ಬೇಸಿಗೆ ಖಂಡಿತ ಕಾಣುತ್ತೇನಂತೆ, ಚಳಿಗಾಲದ ಮಾತನ್ನು ಅವಳು ಎತ್ತಲಿಲ್ಲ. ಎರಡನೆಯ ತಿಂಗಳಲ್ಲೇ ಬಂದಿದ್ದರೆ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ನೀನೂ ಆ ಲೆಕ್ಕ ಹಾಕಬೇಡ. ಮೂವರು ಬಂದು ಕೂತಿದ್ದರೂ ಕೊನೆಗೆ ನಾನು ಬೇಡ ಎಂದೇ ಹೇಳುತ್ತಿದ್ದೆನೋ ಏನೋ, ಅದು ನನಗೂ ಗೊತ್ತಿಲ್ಲ. ಒಂಟಿಯಾಗಿ ಬೇಡ ಎನ್ನಬೇಕಾಯಿತಲ್ಲ, ಅದೊಂದು ಮಾತ್ರ ನನ್ನನ್ನು ಬಿಡುತ್ತಿಲ್ಲ.

ನನ್ನ ಉಸಿರಿಗೆ ಸದ್ದಿದೆ ಎಂದು ನನಗೆ ಗೊತ್ತಿರಲಿಲ್ಲ. ಅದರ ಜೊತೆಗೇ ಇರುವವನಿಗೆ ಅದು ಕೇಳಿಸುವುದಿಲ್ಲ. ನಿನ್ನ ಕಾಗದ ಓದಿ ಕಿಟಕಿ ಮುಚ್ಚಿ ಕೂತು ಕೇಳಿದೆ. ಹೌದು, ಸಿಳ್ಳೆಯೇ. ವರ್ನಾಳನ್ನು ಕೇಳಿದೆ. "ಓಹೋ, ಈಗ ಗೊತ್ತಾಯ್ತಾ? ನೀನು ಬಂದಿದೀಯ ಅಂತ ನಾನು ಅಡುಗೆಮನೆಯಿಂದಾನೇ ತಿಳ್ಕೊಂಡು ಮೊಟ್ಟೆ ಒಡೀತೀನಿ" ಎಂದಳು. ಲವೀನಿಯಾಗೆ ಹೇಳು: ಅವಳು ಬಂದಾಗ ನಾನು ಉಸಿರಾಡಲೇಬೇಕಾಗುತ್ತದೆ, ಕೇಳಲಾಗದಿದ್ದರೆ ಅವಳು ಹೊರಗೆ ಹೋಗಿ ಬರಬಹುದು, ನನಗೆ ಬೇಸರವಿಲ್ಲ. ಅವಳು ಬರುವುದೇ ಹೆಚ್ಚು.

ಸಭೆಯಲ್ಲಿ ಓದಿದ್ದು ತಪ್ಪಲ್ಲ.

ನಿನ್ನ ಪ್ರಶ್ನೆಗೆ ಮೊದಲು, ಯಾರೂ ಬೇಡ ಎಂದು ಬರೆದೆ. ಆ ಹಾಳೆ ಇನ್ನೂ ಮೇಜಿನ ಮೇಲಿದೆ. ಎರಡು ದಿನ ಬಿಟ್ಟು ಮತ್ತೆ ನೋಡಿದರೆ, ಅದು ಪ್ರಶ್ನೆಗೆ ಕೊಟ್ಟ ಉತ್ತರವಾಗಿರಲಿಲ್ಲ. ಗಂಟಲ ಆಪರೇಷನ್ನಾಗಿ ಹೊರಗೆ ಬಂದ ದಿನ ಆಸ್ಪತ್ರೆಯ ಬಾಗಿಲಲ್ಲಿ ತುಂಬ ಜನ ನಿಂತಿದ್ದರು, ಒಬ್ಬೊಬ್ಬರೂ ತಮ್ಮವರಿಗಾಗಿ ಕಾಯುತ್ತ. ತಲೆ ಎತ್ತಿದರೆ ಹೊಲಿಗೆ ಎಳೆಯುತ್ತಿತ್ತು, ಹಾಗಾಗಿ ಮುಖಗಳನ್ನು ನೋಡಲಾಗಲಿಲ್ಲ, ಅವರ ಕೋಟುಗಳನ್ನೇ ನೋಡುತ್ತ ದಾಟಿದೆ. ಇಂಥವರೇ ಎಂದು ನನ್ನ ಮನಸ್ಸಿನಲ್ಲಿ ಯಾರೂ ಇರಲಿಲ್ಲ, ಥರ್ಜಾ. ನನಗೆ ಗುರುತಿರುವ ಒಂದು ಕೋಟು ಇದ್ದಿದ್ದರೆ ಸಾಕಿತ್ತು.

ರೈಲು ಇಲ್ಲಿ ಎರಡು ನಿಮಿಷವೂ ನಿಲ್ಲುವುದಿಲ್ಲ. ಹೋಮರನನ್ನು ಮೊದಲು ಇಳಿಸಿ. ನೀವು ನನ್ನನ್ನು ನೋಡಿ ಒಂಬತ್ತು ವರ್ಷವಾಯಿತು, ನಾನು ತುಂಬ ಇಳಿದುಹೋಗಿದ್ದೇನೆ. ಕೂಗಿ ಕರೆಯಲೂ ಆಗುವುದಿಲ್ಲ. ಪ್ಲಾಟ್‌ಫಾರ್ಮಿನ ಪಶ್ಚಿಮದ ತುದಿಯಲ್ಲಿ ನಿಂತಿರುತ್ತೇನೆ. ಕಂದು ಬಣ್ಣದ ಕೋಟು, ಎಡಗೈಯ ತೋಳಿಗೆ ತೊಗಲಿನ ತೇಪೆ. ಅಷ್ಟು ಹೊತ್ತಿಗೆ ಸೆಕೆ ಶುರುವಾಗಿರುತ್ತದೆ. ಆದರೂ ಹಾಕಿಕೊಂಡಿರುತ್ತೇನೆ.

ಎಲ್‌ವುಡ್